ಪ್ರೋಟಾನ್ ಅಂದರೆ ಮೂರು ಗೋಲಿಗಳ ಡಬ್ಬಿಯಲ್ಲ

ಮಾನ್ಯರೇ,

ಫೆಬ್ರುವರಿ 28ರ ವಿಜ್ಞಾನ ದಿನ ಬಂತೆಂದರೆ ಕಲಬುರಗಿ ಭಾಗದ ಶಾಲೆಗಳ ವಸ್ತುಪ್ರದರ್ಶನದಲ್ಲಿ ಥರ್ಮಾಕೋಲಿನ ಪರಮಾಣು ಇದ್ದೇ ಇರುತ್ತದೆ. ಕೆಲವೆಡೆ ಪ್ರೋಟಾನನ್ನು ಕೊರೆದು, ಒಳಗೆ ಮೂರು ಗೋಲಿ ಅಂಟಿಸಿ ‘ಕ್ವಾರ್ಕ್’ ಎಂದು ಚೀಟಿ ಹಚ್ಚಿರುತ್ತಾರೆ. ಪ್ರೋಟಾನಿನೊಳಗಿನ ಮೂಲಕಣವಾದ ಕ್ವಾರ್ಕ್‌ವರೆಗೆ ಮಕ್ಕಳು ಇಳಿದದ್ದು ನಿಜಕ್ಕೂ ಸಂತೋಷ. ಆದರೆ ಆ ಗೋಲಿಗಳು ತಲೆಯಲ್ಲಿ ತಪ್ಪು ಚಿತ್ರ ಕೂರಿಸುತ್ತವೆ. ಪಿಯುಸಿಗೆ ಬಂದ ಮೇಲೆ ಅದನ್ನು ಅಳಿಸುವುದು ಕಷ್ಟ.

ದೊಡ್ಡ ತಪ್ಪು ತೂಕದ್ದು. ಮೂರು ಗೋಲಿ ತೂಗಿದರೆ ಪ್ರೋಟಾನಿನ ತೂಕ ಸಿಕ್ಕಿತು ಎಂದು ಮಗು ತಿಳಿಯುತ್ತದೆ. ಪ್ರೋಟಾನಿನಲ್ಲಿರುವುದು ‘ಅಪ್’ ಎಂಬ ಬಗೆಯ ಎರಡು ಕ್ವಾರ್ಕ್, ‘ಡೌನ್’ ಎಂಬ ಬಗೆಯ ಒಂದು. ಅಪ್‌ನ ದ್ರವ್ಯರಾಶಿ ಸುಮಾರು 2.2 ಎಂಇವಿ (ಕಣಗಳ ದ್ರವ್ಯರಾಶಿ ಅಳೆಯುವ ಮಾನ), ಡೌನ್‌ನದು ಸುಮಾರು 4.7. ಮೂರೂ ಕೂಡಿಸಿದರೆ 9ರ ಮೇಲೆ ಸ್ವಲ್ಪ. ಪ್ರೋಟಾನಿನದು 938. ಅಂದರೆ ಒಂದು ಕಿಲೋ ಪ್ರೋಟಾನ್ ತೂಗಿದರೆ ಕ್ವಾರ್ಕ್‌ಗಳ ಸ್ವಂತ ಪಾಲು 10 ಗ್ರಾಂ ಆಗುವುದಿಲ್ಲ. ಉಳಿದದ್ದು ಅವುಗಳ ಓಡಾಟದ ಮತ್ತು ಅವನ್ನು ಕಟ್ಟಿಹಾಕಿದ ಗ್ಲುವಾನ್‌ಗಳ ಶಕ್ತಿ. ಐನ್‌ಸ್ಟೈನ್ ಸಮೀಕರಣದಂತೆ ಆ ಶಕ್ತಿಯೇ ತಕ್ಕಡಿಯಲ್ಲಿ ತೂಕವಾಗಿ ಕೂರುತ್ತದೆ. ನಮ್ಮ ಮೈತೂಕವೂ ಬಹುಪಾಲು ಹೀಗೇ ಬಂದದ್ದು. ಇದನ್ನು ಬಿಟ್ಟು ಕ್ವಾರ್ಕ್ ಕಲಿಸಿದರೆ ಪಾಠದ ಜೀವವೇ ಹೋದಂತೆ.

ಗೋಲಿಯ ಬದಲು ರಟ್ಟಿನ ಚೀಟಿ ಸಾಕು. ಹಳೆಯ ಲಗ್ನಪತ್ರಿಕೆಗಳೂ ನಡೆಯುತ್ತವೆ. ವಿದ್ಯುದಾವೇಶದ ಲೆಕ್ಕಕ್ಕಾಗಿ ಆರು ಚೀಟಿಗೆ ‘ಅಪ್ +2’, ಆರಕ್ಕೆ ‘ಡೌನ್ −1’ ಎಂದು ಬರೆಯಿರಿ. ಮೂರು ಚೀಟಿ ಆರಿಸಿ, ಕೂಡಿಸಿ, ಕೊನೆಗೆ ಮೂರರಿಂದ ಭಾಗಿಸಬೇಕು. ಮೊದಲೇ ಮೂರನೇ ಎರಡು, ಮೂರನೇ ಒಂದು ಎಂದು ಭಿನ್ನರಾಶಿ ಬರೆದರೆ ಮಕ್ಕಳು ಲೆಕ್ಕದಲ್ಲೇ ಸಿಕ್ಕಿಕೊಂಡು ಭೌತಶಾಸ್ತ್ರಕ್ಕೆ ಬರುವುದೇ ಇಲ್ಲ. ಎರಡು ಅಪ್, ಒಂದು ಡೌನ್: 3, ಭಾಗಿಸಿದರೆ +1, ಅದು ಪ್ರೋಟಾನ್. ಒಂದು ಅಪ್, ಎರಡು ಡೌನ್: ಸೊನ್ನೆ, ಅದು ನ್ಯೂಟ್ರಾನ್. ಯಾರಾದರೂ ಮೂರೂ ಅಪ್ ಹಿಡಿದು +2 ತಂದರೆ ‘ತಪ್ಪು’ ಎನ್ನಬೇಡಿ. ಡೆಲ್ಟಾ ಎಂಬ ಅಂಥ ಕಣ ನಿಜಕ್ಕೂ ಇದೆ, ಹುಟ್ಟಿದ ಕ್ಷಣದಲ್ಲೇ ಒಡೆಯುತ್ತದೆ, ಅಷ್ಟೆ.

ಇನ್ನು ಪ್ರತಿ ಡೌನ್ ಚೀಟಿಯ ಬೆನ್ನಿಗೆ ‘ಅಪ್ +2’ ಬರೆದಿಡಿ. ನ್ಯೂಟ್ರಾನಿನ ಒಂದು ಡೌನ್ ಮಗುಚಿದರೆ ಪ್ರೋಟಾನ್ ಆಯಿತು, ಆದರೆ ಲೆಕ್ಕ ಸೊನ್ನೆಯಿಂದ 3ಕ್ಕೆ ಏರಿತು. ಸರಿದೂಗಿಸಲು ‘ಎಲೆಕ್ಟ್ರಾನ್ −3’ ಎಂಬ ಚೀಟಿ ಹೊರಗೆ ಹೋಗಬೇಕು, ಜೊತೆಗೆ ಆವೇಶವಿಲ್ಲದ ಪುಟ್ಟ ಕಣ, ಪ್ರತಿನ್ಯೂಟ್ರಿನೊ. ಬೀಟಾ ಕ್ಷಯ ಎಂದರೆ ಇದೇ. ಒಂಟಿ ನ್ಯೂಟ್ರಾನಿನ ಸರಾಸರಿ ಆಯಸ್ಸು ಸುಮಾರು 880 ಸೆಕೆಂಡು. ಎಲೆಕ್ಟ್ರಾನ್ ಮೊದಲೇ ಒಳಗೆ ಅಡಗಿತ್ತು ಎಂದು ಹೆಚ್ಚಿನ ಮಕ್ಕಳು ಭಾವಿಸುತ್ತಾರೆ. ಅದಕ್ಕೇ ಆ ಚೀಟಿಯನ್ನು ಮಗುಚಿದ ಮೇಲೆ ಅವರೆದುರೇ ಬರೆಯಿರಿ.

ಕ್ವಾರ್ಕನ್ನು ಒಂಟಿಯಾಗಿ ಹೊರತೆಗೆಯಲಾಗದು ಎಂಬುದನ್ನು ರಬ್ಬರ್ ಬ್ಯಾಂಡ್ ಎಳೆದು ತೋರಿಸುವುದುಂಟು. ಒಳ್ಳೆಯದೇ, ಆದರೆ ಅರ್ಧಕ್ಕೆ ನಿಲ್ಲಿಸಬಾರದು. ಹತ್ತಿರವಿದ್ದಾಗ ಬ್ಯಾಂಡ್ ಸಡಿಲ, ಕ್ವಾರ್ಕ್‌ಗಳೂ ಹೆಚ್ಚುಕಡಿಮೆ ಸ್ವತಂತ್ರ. 1973ರಲ್ಲಿ ಭೌತವಿಜ್ಞಾನಿಗಳಾದ ಗ್ರಾಸ್, ವಿಲ್ಚೆಕ್, ಪೊಲಿಟ್ಜರ್ ತೋರಿಸಿದ್ದು ಇದನ್ನೇ. ದೂರವಾದಾಗ ಮಾತ್ರ ಸೆಳೆತ ಕುಗ್ಗದೆ ಸುಮಾರು 16 ಟನ್ ಭಾರದಷ್ಟು ಉಳಿಯುತ್ತದೆ. ಗಂಜ್ ಮಾರುಕಟ್ಟೆಯಲ್ಲಿ ಲಾರಿಗೆ ಹೇರಿದ 160 ಕ್ವಿಂಟಾಲ್ ತೊಗರಿಯ ಭಾರ, ಅದೂ ಎರಡು ಕ್ವಾರ್ಕ್‌ಗಳ ನಡುವೆ! ಇನ್ನೂ ಎಳೆದರೆ ಆ ಶಕ್ತಿಯಿಂದಲೇ ಹೊಸ ಕ್ವಾರ್ಕ್ ಮತ್ತು ವಿರುದ್ಧ ಆವೇಶದ ಅದರ ಜೋಡಿ ಪ್ರತಿಕ್ವಾರ್ಕ್ ಹುಟ್ಟಿ ತುಂಡಾದ ಎರಡೂ ತುದಿಗೆ ಅಂಟಿಕೊಳ್ಳುತ್ತವೆ. ಆದ್ದರಿಂದ ಹರಿದ ಬ್ಯಾಂಡಿನ ತುದಿಗಳಿಗೆ ಒಂದೊಂದು ಮಣಿ ಕಟ್ಟಿ ತೋರಿಸಿ.

ಹೊರತೆಗೆಯಲಾಗದ್ದು ಇದೆ ಎಂದು ಹೇಗೆ ಗೊತ್ತು? ಮಕ್ಕಳು ಕೇಳಿಯೇ ಕೇಳುತ್ತಾರೆ. 1964ರಲ್ಲಿ ಭೌತವಿಜ್ಞಾನಿಗಳಾದ ಗೆಲ್‌ಮನ್ ಮತ್ತು ಜ್ವೈಗ್ ಬೇರೆಬೇರೆಯಾಗಿ ಕ್ವಾರ್ಕನ್ನು ಲೆಕ್ಕದಲ್ಲಿ ಊಹಿಸಿದ್ದರು. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ವೇಗವರ್ಧಕದಲ್ಲಿ ಆ ದಶಕದ ಕೊನೆಗೆ ಪ್ರೋಟಾನಿಗೆ ಹೊಡೆದ ಎಲೆಕ್ಟ್ರಾನ್‌ಗಳು ನಿರೀಕ್ಷೆಗಿಂತ ಹೆಚ್ಚಾಗಿ ದೊಡ್ಡ ಕೋನಕ್ಕೆ ಸಿಡಿದವು. ಮೆತ್ತಗಿನ ಉಂಡೆಯಾಗಿದ್ದರೆ ಹಾಗೆ ಸಿಡಿಯುತ್ತಿರಲಿಲ್ಲ. ಒಳಗೆ ಬಿಂದುವಿನಂಥ ಗಟ್ಟಿ ಕಣಗಳಿದ್ದವು. ಈ ಕೆಲಸಕ್ಕೆ 1990ರ ನೊಬೆಲ್ ಬಂತು.

ಪ್ರದರ್ಶನ ಏರ್ಪಡಿಸುವವರಲ್ಲಿ ನಮ್ಮ ಕೋರಿಕೆ ಇಷ್ಟು: ಗೋಲಿಯ ಮಾದರಿ ಬಂದರೆ ಬಹುಮಾನದ ಪಟ್ಟಿಯಿಂದ ತೆಗೆಯಬೇಡಿ, ‘ಉಳಿದ ತೂಕ ಎಲ್ಲಿಂದ ಬಂತು?’ ಎಂದು ಆ ಮಗುವನ್ನು ಕೇಳಿ. ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲೂ ಕ್ವಾರ್ಕ್ ಚಿತ್ರ ಅಚ್ಚಾದಾಗ ಕೆಳಗೆ 9 ಮತ್ತು 938 ಎಂಬ ಎರಡು ಅಂಕಿ ಇರಲಿ.

– ಭೌತಶಾಸ್ತ್ರ ಬೋಧಕರು, ಕಲಬುರಗಿ