ಗುರುವಾರದ ಓದನ್ನು ನಡೆಸಿಕೊಟ್ಟವರಿಗೆ

ಕಾರವಾರದ ಪದವಿ ಕಾಲೇಜೊಂದರ ಕನ್ನಡ ಅಧ್ಯಾಪಕ ವೃತ್ತಿಯಿಂದ ಕಳೆದ ತಿಂಗಳು ನಿವೃತ್ತನಾದೆ. ಬೀಳ್ಕೊಡುಗೆಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿಗಳ ನಡುವೆ ಎಲ್ಲರೂ ನನಗೇ ಧನ್ಯವಾದ ಹೇಳಿದ್ದರಿಂದ, ನಾನು ಹೇಳಬೇಕಾಗಿದ್ದ ಕೃತಜ್ಞತೆಗಳು ಬಾಯಲ್ಲೇ ಉಳಿದುಹೋದವು. ಓದಲು ಒಲ್ಲದ ಮಕ್ಕಳನ್ನು ಓದಿಸಿದೆನೆಂದು ಅಂದು ನನ್ನನ್ನು ಹೊಗಳಿದರು. ಆ ಕೆಲಸದಲ್ಲಿ ನನ್ನ ಪಾಲು ಎಷ್ಟು, ಉಳಿದವರ ಪಾಲು ಎಷ್ಟು ಎಂಬುದು ನನಗೆ ಚೆನ್ನಾಗಿ ಗೊತ್ತಿರುವುದರಿಂದ ಈ ಬರಹ.

ನನ್ನ ತರಗತಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಬಿ.ಕಾಂ., ಬಿ.ಎಸ್ಸಿ. ವಿದ್ಯಾರ್ಥಿಗಳು. ಮನೆಯಲ್ಲಿ ಕೊಂಕಣಿ ಆಡುವವರು, ಹಾಲಕ್ಕಿ ಒಕ್ಕಲಿಗ ಸಮುದಾಯದ ಹಾಲಕ್ಕಿ ಕನ್ನಡ ಆಡುವವರು, ಕದ್ರಾ, ಮಲ್ಲಾಪುರದ ಕಡೆಯಿಂದ ನಸುಕಿನಲ್ಲೇ ಬಸ್ಸು ಹಿಡಿದು ಬರುವವರು, ಎಲ್ಲರಿಗೂ ಕನ್ನಡವೆಂದರೆ ಪಾಸಾಗಬೇಕಾದ ಒಂದು ಭಾಷಾ ವಿಷಯ. ಪಠ್ಯಪುಸ್ತಕ ಕೊಳ್ಳುವ ಮೊದಲೇ ಗೈಡು ಕೊಂಡಿರುತ್ತಿದ್ದರು, ಪಾಠ ಆರಂಭವಾಗುವ ಮೊದಲೇ "ಸರ್, ಇದರಲ್ಲಿ ಇಂಪಾರ್ಟೆಂಟ್ ಯಾವುದು?" ಎಂದು ಕೇಳುತ್ತಿದ್ದರು. ಆದರೆ ಇದೇ ಮಕ್ಕಳಲ್ಲಿ ಹಲವರು ಯಕ್ಷಗಾನದ ಆಟಕ್ಕೆ ಹೋಗಿ ಬೆಳಗಿನವರೆಗೂ ಕಣ್ಣುಬಿಟ್ಟುಕೊಂಡು ಕೂತಿರುತ್ತಿದ್ದುದನ್ನು ನಾನು ಬಲ್ಲೆ. ಅವರಿಗೆ ಬೇಡವಾಗಿದ್ದುದು ಕಥೆಯಲ್ಲ, ಮಾತಿನ ಬೆಡಗೂ ಅಲ್ಲ. ಅಚ್ಚಾದ ಪುಟದ ಎದುರು ಒಬ್ಬರೇ ಕೂರುವುದು ಬೇಡವಾಗಿತ್ತು. ಹಾಗಾಗಿ ವಾರಕ್ಕೊಂದು ಅವಧಿಯನ್ನು, ಪ್ರಶ್ನೋತ್ತರವಿಲ್ಲದೆ ಎಲ್ಲರೂ ಸೇರಿ ಗಟ್ಟಿಯಾಗಿ ಓದುವುದಕ್ಕೇ ಮೀಸಲಿಟ್ಟೆವು.

ಮೊದಲ ನಮಸ್ಕಾರ ಅಂಕೋಲೆಯ ಕಡೆಯ ಒಬ್ಬ ಯಕ್ಷಗಾನ ಭಾಗವತರಿಗೆ. ಪಠ್ಯದಲ್ಲಿದ್ದುದು ರನ್ನನ 'ಗದಾಯುದ್ಧ'ದ ಒಂದು ತುಣುಕು ಮಾತ್ರ. ಸಾವಿರ ವರ್ಷ ಹಿಂದಿನ ಆ ಹಳಗನ್ನಡವನ್ನು ನಾನು ಪದಪದವಾಗಿ ಬಿಡಿಸಿ ಅರ್ಥ ಹೇಳಿದರೆ ತರಗತಿ ನಿದ್ದೆಗೆ ಜಾರುತ್ತಿತ್ತು. ಭಾಗವತರು ಸಂಭಾವನೆಯ ಮಾತನ್ನೂ ಎತ್ತದೆ ಬಂದು, ಮೊದಲು ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ಹಾಡಿ, ಆಮೇಲೆ ಕೌರವ ಕೊಳ ಸೇರುವ ಸನ್ನಿವೇಶವನ್ನು ಆಟದಲ್ಲಿ ಹೇಗೆ ನಡೆಸುತ್ತಾರೆಂಬುದನ್ನು ಪದ್ಯ ಹೇಳಿ ತೋರಿಸಿದರು. ಅದರ ಬೆನ್ನಿಗೇ ನಾನು ರನ್ನನನ್ನು ಓದಿದೆ. ತಮ್ಮನ ಹೆಣ, ಮಗನ ಹೆಣ, ಕರ್ಣನ ಹೆಣ ಕಂಡು ಒಡೆದುಹೋದ ದುರ್ಯೋಧನ ಭೀಷ್ಮರ ಮಾತಿನಂತೆ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ, ದಡದಲ್ಲಿ ನಿಂತ ಭೀಮನ ಗರ್ಜನೆ ಕೇಳಿಸುತ್ತದೆ. ಆಗ ಹಾವಿನ ಬಾವುಟದ ದುರ್ಯೋಧನನ ಪಾಡನ್ನು ರನ್ನ ಹೇಳುವುದು ಹೀಗೆ: "ನೀರೊಳಗಿರ್ದುಂ ಬೆಮರ್ದನುರಗಪತಾಕಂ". ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, "ಸರ್, ನೀರಲ್ಲಿದ್ದವ ಬೆವರೂದು ಹ್ಯಾಂಗೆ?" ಎಂದ. ನಾನು ಬಾಯಿ ತೆರೆಯುವ ಮೊದಲೇ ಬೈತಕೋಲದ ಮೀನುಗಾರರ ಮನೆಯ ಹುಡುಗಿಯೊಬ್ಬಳು ಉತ್ತರ ಕೊಟ್ಟಳು. ಗಾಳಿಗೆ ಸಿಕ್ಕ ಬೋಟಿನಲ್ಲಿ ಸುರಿಯುವ ಮಳೆಗೆ ತೊಯ್ದು ನಿಂತಿದ್ದರೂ ಅವಳ ಅಪ್ಪ ಬೆವರಿದ್ದನಂತೆ. ಆ ಪದ್ಯಕ್ಕೆ ಅದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನಂತೂ ಓದಿಲ್ಲ. ಮುಂದಿನ ವಾರ ಮಕ್ಕಳು ತಾವಾಗಿಯೇ ಪಠ್ಯದಲ್ಲಿಲ್ಲದ ಭಾಗವನ್ನು ಓದಿಸಿರೆಂದು ಕೇಳಿದರು.

ವಾಣಿಜ್ಯ ವಿಭಾಗದ ಸಹೋದ್ಯೋಗಿಯ ಋಣವೂ ದೊಡ್ಡದು. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದ ಮೇಲೆ ಹೋಗಿ ಬರುವ ವಾಹನಗಳೆಲ್ಲ ಹೊಸ ಸೇತುವೆಯೊಂದನ್ನೇ ನೆಚ್ಚಬೇಕಾಯಿತು, ಸದಾಶಿವಗಡ, ಮಾಜಾಳಿ ಕಡೆಯ ಮಕ್ಕಳು ಬೆಳಗಿನ ಮೊದಲ ಅವಧಿಗೆ ಮುಟ್ಟುವುದು ಕಷ್ಟವಾಯಿತು. ನಮ್ಮ ಓದಿನ ಅವಧಿ ಅದೇ ಆಗಿತ್ತು. ಆ ಸಹೋದ್ಯೋಗಿ, ಯಾರೂ ಕೇಳದೆಯೇ, ತಮ್ಮ ಗುರುವಾರದ ಮಧ್ಯಾಹ್ನದ ಅವಧಿಯನ್ನು ನಮಗೆ ಬಿಟ್ಟುಕೊಟ್ಟು, ಅರ್ಧ ತುಂಬಿದ ತರಗತಿಗೆ ಲೆಕ್ಕಶಾಸ್ತ್ರ ಹೇಳುವ ಕಷ್ಟವನ್ನು ತಾವು ಹೊತ್ತುಕೊಂಡರು. ವೇಳಾಪಟ್ಟಿಯ ಒಂದು ಚೌಕಕ್ಕಾಗಿ ಅಧ್ಯಾಪಕರು ಎಷ್ಟು ಜಗಳವಾಡುತ್ತಾರೆಂದು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ.

ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯವರು ಗೈಡು ಮಾರಿ ಬದುಕುವವರು, ಆ ಲೆಕ್ಕದಲ್ಲಿ ನನಗೆ ಪ್ರತಿಪಕ್ಷದವರು. ಆದರೂ ಹಳಗನ್ನಡದ ಪದ್ಯಗಳನ್ನು ದೊಡ್ಡಕ್ಷರದಲ್ಲಿ, ಸಾಲಿನ ನಡುವೆ ಬರೆಯಲು ಜಾಗ ಬಿಟ್ಟು, ಕಾಗದದ ಖರ್ಚಿಗಷ್ಟೇ ಮಾಡಿಕೊಟ್ಟರು. ಅವರಿಗೂ ವಂದನೆ.

ದಿನಕರ ದೇಸಾಯಿಯವರನ್ನು ನೆನೆಯದೆ ಮುಂದೆ ಹೋಗಲಾರೆ. ಒಂದು ಪುಟ ಕಂಡರೆ ಹೆದರುವವರೂ ನಾಲ್ಕು ಸಾಲಿನ ಚುಟುಕಕ್ಕೆ ಹೆದರುವುದಿಲ್ಲ. ಓದಿ ಮುಗಿಸಿದೆನೆಂಬ ತೃಪ್ತಿಯನ್ನು ಎಷ್ಟೋ ಮಕ್ಕಳಿಗೆ ಮೊದಲು ಕೊಟ್ಟವರು ಅವರೇ. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಈ ಜಿಲ್ಲೆಯ ಊರೂರಿಗೆ ಶಾಲೆ ತಂದವರೂ ಇದೇ ಕವಿಯೆಂದು ತಿಳಿದಾಗ, ಆ ಶಾಲೆಗಳಲ್ಲೇ ಕಲಿತು ಬಂದ ಮಕ್ಕಳು ಪುಸ್ತಕವನ್ನು ತಿರುಗಿಸಿ ಮತ್ತೊಮ್ಮೆ ಅವರ ಚಿತ್ರ ನೋಡಿದ್ದುಂಟು.

ಹಾಲಕ್ಕಿ ಮನೆಗಳ ಅಜ್ಜಿಯರಿಗೆ ವಿಶೇಷವಾಗಿ ಕೈಮುಗಿಯುತ್ತೇನೆ. ಶಾಲೆಯ ಮೆಟ್ಟಿಲು ಹತ್ತದ ಹಾಲಕ್ಕಿ ಜಾನಪದ ಹಾಡುಗಾರ್ತಿ, ಅಂಕೋಲೆಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಊರೆಲ್ಲ ಹೆಮ್ಮೆಪಟ್ಟಿತು, ಆದರೆ ತಮ್ಮ ಮನೆಯಲ್ಲಿ ಕೇಳಿದ ಹಾಡೂ ಸಾಹಿತ್ಯವೇ ಎಂದು ತರಗತಿಯಲ್ಲಿ ಹೇಳಿಕೊಳ್ಳಲು ನಮ್ಮ ಹುಡುಗಿಯರಿಗೆ ಸಂಕೋಚವಿತ್ತು. ಮನೆಯ ಹಿರಿಯರಿಂದ ಒಂದು ಹಾಡು ಬರೆದು ತಂದರೆ ಅದನ್ನೇ ಆಂತರಿಕ ಅಂಕದ ನಿಯೋಜಿತ ಕಾರ್ಯವೆಂದು ಪರಿಗಣಿಸುವೆನೆಂದ ಮೇಲೆ, ಗದ್ದೆ ಕೆಲಸ ಮುಗಿಸಿ ದಣಿದು ಬಂದ ಅಜ್ಜಿಯರು ಮೊಮ್ಮಕ್ಕಳು ಬರೆದು ಮುಗಿಸುವವರೆಗೆ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿದರು. ಆ ಹಾಳೆಗಳನ್ನು ಓದಿದ ಗುರುವಾರ, ಎಂದೂ ಕೈಯೆತ್ತದವರು ಒಬ್ಬರ ಹಿಂದೊಬ್ಬರು ಎದ್ದು ನಿಂತರು.

ಎಲ್ಲರೂ ಓದುಗರಾದರೆಂದು ಹೇಳಿದರೆ ಅದು ಬೀಳ್ಕೊಡುಗೆ ಭಾಷಣವಾದೀತು. ಕೊನೆಯವರೆಗೂ ಗೈಡು ಬಿಡದವರಿದ್ದರು, ಹಾಜರಿಗಾಗಿಯೇ ಬಂದು ಕೂತವರಿದ್ದರು. ಬಂದು ಕೂತದ್ದಕ್ಕೆ ಅವರಿಗೂ ನಾನು ಋಣಿ. ಕೇಳುವ ಕಿವಿಗಳಿಲ್ಲದೆ ಗಟ್ಟಿಯಾಗಿ ಓದುವುದಾದರೂ ಯಾರಿಗೆ?

ಕೊನೆಯದಾಗಿ ನಮ್ಮ ಗ್ರಂಥಪಾಲಕರು. ಒಬ್ಬರಿಗೆ ಇಷ್ಟೇ ಪುಸ್ತಕವೆಂಬ ನಿಯಮವನ್ನು ಅವರು ನಮ್ಮ ಗುಂಪಿನ ಮಟ್ಟಿಗೆ ಮರೆತಂತೆ ನಟಿಸಿದರು, ರಜೆಯಲ್ಲೂ ಪುಸ್ತಕ ಮನೆಗೆ ಹೋಗಲು ಬಿಟ್ಟರು, ವರ್ಷಾಂತ್ಯದ ದಾಸ್ತಾನು ಪರಿಶೀಲನೆಯಲ್ಲಿ ಕಡಿಮೆ ಬಿದ್ದ ಪ್ರತಿಗಳಿಗೆ ವಿವರಣೆ ಬರೆದು ಕೊಟ್ಟರು. ಗುರುವಾರದ ಓದನ್ನು ಈ ಜೂನ್‌ನಿಂದ ನನ್ನ ಕಿರಿಯ ಸಹೋದ್ಯೋಗಿ ಗ್ರಂಥಾಲಯದಲ್ಲೇ ಮುಂದುವರಿಸಲಿದ್ದಾರೆ. ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿಯಿದೆ. ನನ್ನ ಸ್ವಂತ ಪುಸ್ತಕಗಳು ನಿಮ್ಮಲ್ಲಿ ಉಳಿದಿದ್ದರೆ ಇಟ್ಟುಕೊಳ್ಳಿ. ಗ್ರಂಥಾಲಯದ ಮುದ್ರೆಯಿರುವುದನ್ನು ಮಾತ್ರ ದಯವಿಟ್ಟು ಮರಳಿಸಿ, ಅದರ ಲೆಕ್ಕ ಇನ್ನೂ ಗ್ರಂಥಪಾಲಕರ ತಲೆಯ ಮೇಲಿದೆ.