ಖರ್ಜೂರದ ಡಬ್ಬದ ಕೆಳಗಿನ ಲ್ಯಾಪ್‌ಟಾಪ್

ಬಂಟ್ವಾಳ
6 ಫೆಬ್ರವರಿ 2026

ಪ್ರೀತಿಯ ಮಗಳೇ,

ಅಸ್ಸಲಾಮು ಅಲೈಕುಂ.

ಮೊನ್ನೆ ನೀನು ಕಳಿಸಿದ ಫೋಟೋವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ನಿಮ್ಮ ಯೂನಿವರ್ಸಿಟಿಯ ನಮಾಜ್ ಕೋಣೆ. ಬಾಗಿಲ ಹತ್ತಿರ ಶೂಗಳ ರಾಶಿ. ರಮಝಾನಿಗೆಂದು ತರಿಸಿಟ್ಟ ಖರ್ಜೂರದ ಡಬ್ಬಗಳು, ನೀರಿನ ಬಾಟಲಿಗಳು. ನಡುವೆ ನೀನು, ಕೈಯಲ್ಲೊಂದು ಪಟ್ಟಿ ಹಿಡಿದು ನಗುತ್ತಿದ್ದೀಯ. ನಿನ್ನ ಉಪ್ಪ ಆ ನಗು ನೋಡಿ ಅಕ್ಕಪಕ್ಕದವರಿಗೆಲ್ಲ ತೋರಿಸಿ ಬಂದರು. ನಾನು ಮಾತ್ರ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಮೂಲೆಯಲ್ಲಿ ನಿನ್ನ ಲ್ಯಾಪ್‌ಟಾಪ್ ಇತ್ತು. ಹೊರಡುವ ಮೊದಲು ತಮ್ಮ ಅಂಟಿಸಿಕೊಟ್ಟ ಹಸಿರು ಸ್ಟಿಕರ್‌ನಿಂದ ಗುರುತು ಸಿಕ್ಕಿತು. ಅದರ ಮೇಲೆ ನಾಲ್ಕು ಖರ್ಜೂರದ ಡಬ್ಬ ಪೇರಿಸಿಟ್ಟಿದ್ದೀರಿ.

ಅದೇ ದಿನ ಬೆಳಿಗ್ಗೆ ನೀನು ಫೋನಿನಲ್ಲಿ ಹೇಳಿದ್ದೆ, ಡಿಸೆಂಬರ್‌ನಲ್ಲಿ ಕೊಟ್ಟ ಅಸೈನ್‌ಮೆಂಟ್‌ಗೆ 48 ಬಂತು ಅಂತ. ಸಿಕ್ಕಿದ್ದು 53, ಒಂದು ದಿನ ತಡವಾಯಿತು ಎಂದು 5 ಕಳೆದರು ಅಂತ. ಅಲ್ಲಿ ಎಂಎಸ್ಸಿ ಪಾಸಾಗಲು 50 ಬೇಕು. ಯಾಕೆ ತಡವಾಯಿತು ಎಂದು ಕೇಳಿದೆ. ಆ ವಾರ ನಮ್ಮ ಇಸ್ಲಾಮಿಕ್ ಸೊಸೈಟಿಯ ಹುಡುಗಿಯರ ಊಟದ ಕಾರ್ಯಕ್ರಮ ಇತ್ತು, ಬುಕ್ ಮಾಡಿದ್ದ ಹಾಲ್ ಕೊನೇ ಗಳಿಗೆಯಲ್ಲಿ ಕೈ ತಪ್ಪಿತು, ಬೇರೆ ಜಾಗ ಹುಡುಕಲು ನಾನೇ ಓಡಾಡಬೇಕಾಯ್ತು ಅಂದೆ. "ನಾನಿಲ್ಲದಿದ್ದರೆ ನಡೆಯುತ್ತಲೇ ಇರಲಿಲ್ಲ ಉಮ್ಮಾ" ಎಂದೂ ಹೇಳಿದೆ. ಆ ಮಾತು ಕೇಳಿಯೇ ಈ ಪತ್ರ ಬರೆಯಲು ಕೂತಿದ್ದೇನೆ. ಫೋನಿನಲ್ಲಿ ಹೇಳಿದರೆ ಬೈದ ಹಾಗೆ ಕೇಳಿಸುತ್ತದೆ. ಮನೆಯಲ್ಲಿ ನಾವು ಆಡುವುದು ಬ್ಯಾರಿ, ಆದರೆ ಮನಸ್ಸಿನೊಳಗಿನದನ್ನು ಬರೆಯಬೇಕು ಎಂದರೆ ನನ್ನ ಕೈಗೆ ಬರುವುದು ಕನ್ನಡವೇ.

ಮೊದಲೇ ಹೇಳಿಬಿಡುತ್ತೇನೆ, ಸೊಸೈಟಿ ಬಿಡು ಎನ್ನಲು ನಾನು ಬರೆಯುತ್ತಿಲ್ಲ. ಸೆಪ್ಟೆಂಬರ್‌ನಲ್ಲಿ ನೀನು ಇಂಗ್ಲೆಂಡಿನ ಲೀಡ್ಸ್‌ಗೆ ಹೋಗಿ ಇಳಿದಾಗ ನಿನಗೆ ಅಲ್ಲಿ ಒಂದು ನರಪಿಳ್ಳೆಯ ಪರಿಚಯ ಇರಲಿಲ್ಲ. ಮೊದಲ ವಾರ ಫೋನ್ ಮಾಡಿದಾಗಲೆಲ್ಲ ಅಳುತ್ತಿದ್ದೆ. ಆಮೇಲೆ ಒಂದು ದಿನ ಹೊಸ ವಿದ್ಯಾರ್ಥಿಗಳ ಮೇಳದಲ್ಲಿ ಇಸ್ಲಾಮಿಕ್ ಸೊಸೈಟಿಯ ಮೇಜು ಕಂಡೆ ಅಂದೆ. ಅದನ್ನು ಅಲ್ಲಿ ಎಲ್ಲರೂ ಐಸಾಕ್ ಅನ್ನುತ್ತಾರೆ ಅಂತ ನಕ್ಕೆ. ಆ ನಗು ಕೇಳಿ ನಾನು ಅಂದು ರಾತ್ರಿ ನೆಮ್ಮದಿಯಾಗಿ ಮಲಗಿದೆ. ಅಕ್ಟೋಬರ್‌ನಲ್ಲಿ ನಿನಗೆ ಜ್ವರ ಬಂದಾಗ, ಬಾಂಗ್ಲಾದೇಶದ ಸಿಲ್ಹೆಟ್ ಕಡೆಯ ಆ ಹುಡುಗಿ ಎರಡು ಬಸ್ ಬದಲಾಯಿಸಿ ಬಿಸಿ ಖಿಚಡಿ ತಂದುಕೊಟ್ಟಳಲ್ಲ, ಅವಳಿಗಾಗಿ ನಾನು ಈಗಲೂ ದುಆ ಮಾಡುತ್ತೇನೆ.

ಇನ್ನೊಂದು ವಿಷಯವೂ ಇದೆ. ನಮ್ಮೂರ ಮಸೀದಿಯೊಳಗೆ ನಾನಾಗಲಿ ನನ್ನ ಉಮ್ಮನಾಗಲಿ ಕಾಲಿಟ್ಟವರಲ್ಲ. ಅಲ್ಲಿಯ ಕಮಿಟಿಯಲ್ಲಿ ಹೆಂಗಸರ ಹೆಸರು ಬರೆದದ್ದು ನಾನು ನೋಡಿಲ್ಲ. ನೀನು ಅಲ್ಲಿ ಕಮಿಟಿಯಲ್ಲಿ ಕೂತು ಲೆಕ್ಕ ಕೇಳುತ್ತೀಯ, ಎದ್ದು ನಿಂತು ಮಾತಾಡುತ್ತೀಯ. ಬ್ರಿಟನ್ನಿನ ಇಂಥ ಸಂಘಗಳ ಒಕ್ಕೂಟ 1963ರಲ್ಲೇ ಶುರುವಾಯಿತು, ನಿನ್ನ ಹಾಗೆ ಹೊರದೇಶಗಳಿಂದ ಓದಲು ಬಂದವರು ಸೇರಿ ಕಟ್ಟಿದ್ದು ಅಂತ ನೀನೇ ಹೇಳಿದ್ದೆ. ಅಂಥ ಸಾಲಿನಲ್ಲಿ ನನ್ನ ಮಗಳೂ ಇದ್ದಾಳೆ ಎಂಬ ಹೆಮ್ಮೆ ನನಗಿದೆ. ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೆ ನಾನು ಲೆಕ್ಕದ ಟೀಚರ್ ಅಲ್ವಾ. ಎಸ್ಸೆಸ್ಸೆಲ್ಸಿ ಮಕ್ಕಳ ಪೂರ್ವಸಿದ್ಧತಾ ಪರೀಕ್ಷೆಯ ಪೇಪರ್ ತಿದ್ದುತ್ತಾ, ಪಕ್ಕದ ಹಾಳೆಯಲ್ಲಿ ನಿನ್ನದೂ ಒಂದು ಲೆಕ್ಕ ಹಾಕಿದೆ. ನಿಮ್ಮಲ್ಲಿ ಒಂದು ಕ್ರೆಡಿಟ್ ಅಂದರೆ 10 ಗಂಟೆ ಓದು. 15 ಕ್ರೆಡಿಟ್‌ನ ಒಂದು ವಿಷಯಕ್ಕೆ 150 ಗಂಟೆ. ವರ್ಷಕ್ಕೆ 180 ಕ್ರೆಡಿಟ್, ಅಂದರೆ 1800 ಗಂಟೆ. ಈ ಸೆಮಿಸ್ಟರ್‌ನಲ್ಲಿ ನಾಲ್ಕು ವಿಷಯ, 600 ಗಂಟೆ. ಮೇ ಕೊನೆಯವರೆಗೆ ಹಂಚಿದರೆ ವಾರಕ್ಕೆ ಹೆಚ್ಚುಕಡಿಮೆ 35ರಿಂದ 40. ಶನಿವಾರ ಭಾನುವಾರ ಕೆಫೆಯಲ್ಲಿ ನಿನ್ನ ಕೆಲಸ 10 ಗಂಟೆ. ಸೊಸೈಟಿಗೆ ವಾರಕ್ಕೆ ಎಷ್ಟು ಅಂತ ಕೇಳಿದಾಗ, "ಜಾಸ್ತಿ ಏನಿಲ್ಲ" ಅಂದೆ. ನೀನು ಹೇಳಿದ ಮೀಟಿಂಗು, ಪೋಸ್ಟರು, ಓಡಾಟ, ರಾತ್ರಿ ಒಂದು ಗಂಟೆಯವರೆಗಿನ ವಾಟ್ಸಾಪು ಎಲ್ಲ ಕೂಡಿಸಿದೆ. 18 ಬಂತು. ಇದರ ಮೇಲೆ ಅಡುಗೆ, ಬಟ್ಟೆ, ನಿದ್ದೆ. ಎಲ್ಲಿಂದ ತರುತ್ತೀ ಮಗಳೇ ಅಷ್ಟು ಗಂಟೆ?

ಅಲ್ಲಿಯ ಚಳಿಗಾಲದ ಹಗಲು ಎಷ್ಟು ಚಿಕ್ಕದು ಅಂತ ನನಗೆ ನಂಬಲೇ ಆಗಿರಲಿಲ್ಲ. ಡಿಸೆಂಬರ್‌ನಲ್ಲಿ ಹನ್ನೆರಡು ದಾಟಿದರೆ ಮಧ್ಯಾಹ್ನದ ಲುಹರ್ ನಮಾಜ್, ಎರಡರೊಳಗೆ ಅಸರ್, ನಾಲ್ಕರೊಳಗೆ ಸೂರ್ಯ ಮುಳುಗಿ ಮಗ್ರಿಬ್. ನಿನ್ನ ಜೊತೆಯ ಹೆಚ್ಚಿನವರು ಹನಫಿ ಪಂಥದವರು, ಅವರ ಅಸರ್ ಸ್ವಲ್ಪ ತಡ. "ನಾನೂ ಸೊಮಾಲಿಯಾದ ಒಬ್ಬಳೂ ಶಾಫಿ ಪಂಥದವರು, ನಾವಿಬ್ಬರೂ ಮೊದಲೇ ಅಸರ್ ಮುಗಿಸಿ ಲೈಬ್ರರಿಗೆ ಓಡುತ್ತೇವೆ" ಅಂತ ನವೆಂಬರ್‌ನಲ್ಲಿ ಹೇಳಿದ್ದೆ. ಎಷ್ಟು ಚಂದದ ಅಭ್ಯಾಸ ಅದು! ಆಮೇಲೆ ಆ ಹುಡುಗಿಯ ಸುದ್ದಿಯೇ ಇಲ್ಲ. ನೀನು ಅಸರ್ ಆದ ಮೇಲೂ ಅಲ್ಲೇ ಕೂತು ಮೀಟಿಂಗ್ ಮಾಡುತ್ತೀಯ ಅನಿಸುತ್ತದೆ.

ನಿನಗೆ ಇದುವರೆಗೆ ಹೇಳದ ಒಂದು ವಿಷಯ ಹೇಳುತ್ತೇನೆ. ನಾನು ಬಿ.ಎಡ್.ಗೆ ಒಂದು ವರ್ಷ ತಡವಾಗಿ ಸೇರಿದ್ದು ನಿನಗೆ ಗೊತ್ತು. ಮನೆಯಲ್ಲಿ ಕಷ್ಟವಿತ್ತು, ಅದಕ್ಕೆ ಅಂದುಕೊಂಡಿದ್ದೀಯ. ಕಾರಣ ಅದಲ್ಲ. 1997ರಲ್ಲಿ ನಾನು ಬಿ.ಎಸ್ಸಿ. ಕೊನೇ ವರ್ಷ. ಕಾಲೇಜಿನ ಎನ್ನೆಸ್ಸೆಸ್ ಶಿಬಿರ ಹತ್ತು ದಿನ, ಒಂದು ಹಳ್ಳಿಯಲ್ಲಿ. ರಸ್ತೆ ಮಾಡುವ ಕೆಲಸ. ಊಟದ ಸಾಮಾನಿನ ಲೆಕ್ಕ ನನ್ನ ಕೈಯಲ್ಲಿತ್ತು. ಅಕ್ಕಿ ಎಷ್ಟು, ತೆಂಗಿನಕಾಯಿ ಎಷ್ಟು, ಯಾರ ಅಂಗಡಿಗೆ ಎಷ್ಟು ಬಾಕಿ, ಎಲ್ಲ ಒಂದು ಕೆಂಪು ರಟ್ಟಿನ ಪುಸ್ತಕದಲ್ಲಿ. ಶಿಬಿರ ಮುಗಿದ ಮೇಲೂ ಆ ಪುಸ್ತಕ ನನ್ನ ಚೀಲದಲ್ಲೇ ಉಳಿಯಿತು. ಬಾಕಿ ತೀರಿಸುವುದು, ರಸೀದಿ ಜೋಡಿಸುವುದು, ವರದಿ ಬರೆಯುವುದು ಅಂತ ಇನ್ನೂ ಒಂದು ತಿಂಗಳು ಹೋಯಿತು. ಗೆಳತಿಯೊಬ್ಬಳು ಎರಡು ಸಲ ಕೇಳಿದಳು, "ನನಗೆ ಕೊಡು, ನಾನು ಮುಗಿಸ್ತೇನೆ" ಅಂತ. ನಾನು ಕೊಡಲಿಲ್ಲ. ನಿನಗೆ ಗೊತ್ತಾಗುವುದಿಲ್ಲ ಬಿಡು ಅಂದೆ.

ಭೌತಶಾಸ್ತ್ರದ ಒಂದು ಪೇಪರ್ 3 ಅಂಕಕ್ಕೆ ಹೋಯಿತು. ಅಕ್ಟೋಬರ್‌ನಲ್ಲಿ ಮತ್ತೆ ಬರೆದೆ. ಅಷ್ಟರಲ್ಲಿ ಆ ವರ್ಷದ ಬಿ.ಎಡ್. ಸೀಟು ಕೈ ಬಿಟ್ಟಿತ್ತು. ನನ್ನ ಉಪ್ಪ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತ್ತು ನನಗೆ.

ಆ ರಸ್ತೆಯಲ್ಲಿ ಈಗ ಬಸ್ ಓಡುತ್ತದೆ. ಅಲ್ಲಿ ಹೋಗುವಾಗಲೆಲ್ಲ ನನಗೆ ಖುಷಿಯೇ ಆಗುತ್ತದೆ. ಶಿಬಿರಕ್ಕೆ ಹೋದದ್ದಕ್ಕೆ ನನಗೆ ಒಂದು ದಿನವೂ ಬೇಸರವಾಗಿಲ್ಲ. ಆ ಕೆಂಪು ಪುಸ್ತಕ ಕೊಡದೆ ಹಿಡಿದುಕೊಂಡದ್ದಕ್ಕೆ ಮಾತ್ರ ಈಗಲೂ ಎದೆ ಚುಚ್ಚುತ್ತದೆ. ಯಾಕೆ ಕೊಡಲಿಲ್ಲ ಅಂತ ವರ್ಷಗಟ್ಟಲೆ ಯೋಚಿಸಿದ್ದೇನೆ. ನಾನಿಲ್ಲದೆ ಇದು ನಡೆಯುವುದಿಲ್ಲ ಎಂಬ ಭಾವನೆ ನನಗೆ ತುಂಬ ರುಚಿಸಿತ್ತು ಮಗಳೇ. ಭೌತಶಾಸ್ತ್ರದಲ್ಲಿ ನಾನು ಅರವತ್ತು ಜನರಲ್ಲಿ ಒಬ್ಬಳು. ಲೆಕ್ಕದ ಪುಸ್ತಕದ ಮುಂದೆ ಎಲ್ಲರೂ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ನೀನು ಫೋನಿನಲ್ಲಿ ಆಡಿದ ಮಾತಿನಲ್ಲಿ ನನಗೆ ನನ್ನ ಅದೇ ದನಿ ಕೇಳಿಸಿತು.

ಸಲ್ಮಾನ್ ಮತ್ತು ಅಬುದ್ದರ್ದಾರ ಕಥೆ ನಿನಗೆ ಮದ್ರಸದಿಂದಲೇ ಗೊತ್ತು, ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಪ್ರವಾದಿಯವರು ಆ ಇಬ್ಬರನ್ನು ಅಣ್ಣತಮ್ಮಂದಿರ ಹಾಗೆ ಜೋಡಿಸಿದ್ದರು. ಸಲ್ಮಾನ್ ಮನೆಗೆ ಬಂದಾಗ ಅಬುದ್ದರ್ದಾ ಊಟ ತಂದಿಟ್ಟು, ನೀನು ಉಣ್ಣು, ನನಗೆ ಉಪವಾಸ ಅಂದರು. ನೀನು ಉಣ್ಣದೆ ನಾನೂ ಉಣ್ಣುವುದಿಲ್ಲ ಅಂದರು ಸಲ್ಮಾನ್. ರಾತ್ರಿ ನಮಾಜಿಗೆ ಏಳಲು ಹೋದರೆ ಮಲಗು ಅಂದರು. ಮತ್ತೆ ಎದ್ದರೆ ಮತ್ತೆ ಮಲಗು ಅಂದರು. ರಾತ್ರಿಯ ಕೊನೇ ಭಾಗದಲ್ಲಿ ಈಗ ಏಳು ಅಂತ ಎಬ್ಬಿಸಿ, ಇಬ್ಬರೂ ನಮಾಜ್ ಮಾಡಿದರು. ಆಮೇಲೆ ಹೇಳಿದರು: ನಿನ್ನ ಮೇಲೆ ನಿನ್ನ ಪ್ರಭುವಾದ ರಬ್ಬಿನ ಹಕ್ಕಿದೆ, ನಿನ್ನ ಜೀವದ ಹಕ್ಕಿದೆ, ನಿನ್ನ ಮನೆಯವರ ಹಕ್ಕಿದೆ, ಒಬ್ಬೊಬ್ಬರ ಹಕ್ಕನ್ನೂ ಅವರವರಿಗೆ ಕೊಡು. ಪ್ರವಾದಿಯವರು ಇದನ್ನು ಕೇಳಿ, ಸಲ್ಮಾನ್ ಹೇಳಿದ್ದು ಸತ್ಯ ಅಂದರು. ಅಬುದ್ದರ್ದಾ ಮಾಡುತ್ತಿದ್ದುದು ನಮಾಜು, ಉಪವಾಸ. ಅದಕ್ಕೂ ಅಳತೆ ಹೇಳಿದ ಮೇಲೆ, ಇಫ್ತಾರಿನ ತಟ್ಟೆ ಎಣಿಸುವ ಕೆಲಸಕ್ಕೆ ಒಂದು ಅಳತೆ ಬೇಡವಾ?

ನನ್ನ ಮಾತು ಇಷ್ಟೇ. ಕಮಿಟಿಯ ಕೆಲಸವೂ ಅಮಾನತ್ತು, ಅಂದರೆ ನಂಬಿ ಒಪ್ಪಿಸಿದ ಹೊಣೆ; ಓದೂ ಅಮಾನತ್ತು. ಆದರೆ ಕಮಿಟಿಯ ಕೆಲಸವನ್ನು ಇನ್ನೊಬ್ಬಳ ಕೈಗೆ ಒಪ್ಪಿಸಬಹುದು. ನಿನ್ನ ಪರೀಕ್ಷೆಯನ್ನು ಯಾರಿಗೆ ಒಪ್ಪಿಸುತ್ತೀ?

ಈಗ ರಮಝಾನಿನ ವಿಷಯಕ್ಕೆ ಬರುತ್ತೇನೆ, ನನಗೆ ಚಿಂತೆ ಇರುವುದು ಅಲ್ಲೇ. 18 ಅಥವಾ 19ಕ್ಕೆ ನೋಂಬು ಶುರು. ಈ ಸಲ ಅಲ್ಲಿಯ ಉಪವಾಸ 12ರಿಂದ 14 ಗಂಟೆ, ಹೆಚ್ಚುಕಡಿಮೆ ನಮ್ಮೂರಿನಷ್ಟೇ. 2016ರಿಂದ ಮೂರು ನಾಲ್ಕು ವರ್ಷ ಅಲ್ಲಿ ಮೇ-ಜೂನ್ ತಿಂಗಳಲ್ಲಿ ರಮಝಾನ್ ಬಂದಾಗ, ಮಕ್ಕಳು 18 ಗಂಟೆ ನೋಂಬು ಹಿಡಿದು ಪರೀಕ್ಷೆ ಬರೆದರಂತೆ. ಆ ಕಷ್ಟ ನಿನಗಿಲ್ಲ, ಅಲ್‌ಹಮ್ದುಲಿಲ್ಲಾಹ್. ಆದರೆ ಮೊದಲ ವಾರ ಮಗ್ರಿಬ್ ಸಂಜೆ ಐದೂ ಇಪ್ಪತ್ತರ ಸುಮಾರಿಗೆ. ಸೋಮವಾರ ಮತ್ತು ಬುಧವಾರ ನಿನ್ನ ಕ್ಲಾಸು ಆರರವರೆಗೆ. ಇಫ್ತಾರಿನ ಉಸ್ತುವಾರಿ ನಿನ್ನದಾದರೆ ನಾಲ್ಕಕ್ಕೇ ಕ್ಲಾಸು ಬಿಟ್ಟು ಏಳಬೇಕು. ಕ್ಲಾಸಿನಲ್ಲೇ ಮೂರು ಖರ್ಜೂರ, ಒಂದು ಗುಟುಕು ನೀರು ತೆಗೆದುಕೊಂಡು ನೋಂಬು ಬಿಟ್ಟರೆ ಏನೂ ಕೊರತೆಯಿಲ್ಲ. ಆ ಎರಡು ದಿನ ಡಿಗ್ರಿಯ ಮೊದಲ ವರ್ಷದ ಹುಡುಗಿಯರಿಗೆ ಬಿಟ್ಟುಕೊಡು. ಅವರಿಗೆ ಇನ್ನೂ ಎರಡು ವರ್ಷ ಇದೆ, ನಿನಗಿರುವುದು ಒಂದೇ ವರ್ಷ. ಊಟ ತರಿಸುವ ಅಂಗಡಿಯ ನಂಬರು, ಎಷ್ಟು ಜನಕ್ಕೆ ಎಷ್ಟು ಟ್ರೇ, ಬೀಗದ ಕೈ ಯಾರ ಹತ್ತಿರ, ಕಸದ ಚೀಲ ಎಲ್ಲಿಡಬೇಕು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸು. ನಿನ್ನ ತಲೆಯೊಳಗಿರುವುದು ಗೋಡೆಗೆ ಬಂದರೆ ಅರ್ಧ ಕೆಲಸ ಇಳಿಯಿತು. ಅವರು ಒಂದು ದಿನ ಸಮೋಸ ಕಡಿಮೆ ಮಾಡಬಹುದು. ಮಾಡಲಿ ಬಿಡು.

ಶುಕ್ರವಾರ ಮಾತ್ರ ನೀನೇ ಇಟ್ಟುಕೋ. ಪ್ರತಿ ಶುಕ್ರವಾರ, ತಪ್ಪದೆ. ಸ್ವಲ್ಪವೇ ಆದರೂ ನಿರಂತರವಾಗಿ ಮಾಡುವ ಕೆಲಸ ಅಲ್ಲಾಹನಿಗೆ ಹೆಚ್ಚು ಪ್ರಿಯ ಅಂತ ಹದೀಸಿನಲ್ಲೇ ಇದೆಯಲ್ಲ.

ಬೆಳಗಾಗುವ ಮೊದಲಿನ ಅತ್ತಾಳದ ಊಟಕ್ಕೆ ಎದ್ದ ಮೇಲೆ ಮತ್ತೆ ಮಲಗಬೇಡ. ಮುಂಜಾನೆಯ ಸುಬಹಿ ನಮಾಜ್ ಮುಗಿಸಿ ಎಂಟೂವರೆವರೆಗೆ ಮೂರು ಗಂಟೆ ಸಿಗುತ್ತದೆ. ಹೊಟ್ಟೆ ತುಂಬಿರುತ್ತದೆ, ತಲೆ ತಿಳಿಯಾಗಿರುತ್ತದೆ, ಯಾವ ಗ್ರೂಪಿನಲ್ಲೂ ಮೆಸೇಜ್ ಇರುವುದಿಲ್ಲ. ಕಷ್ಟದ ವಿಷಯ ಆಗ ಹಿಡಿ. ನಿದ್ದೆಯನ್ನು ಲುಹರ್ ಆದ ಮೇಲೆ ಅರ್ಧ ಗಂಟೆ ತೀರಿಸಿಕೋ.

48ರ ಬಗ್ಗೆ ಆ ವಿಷಯದ ಮೇಷ್ಟ್ರನ್ನು ನೀನೇ ಹೋಗಿ ಕಾಣು. ನಾಚಿಕೆ ಬೇಡ. ಎಲ್ಲಿ ತಪ್ಪಿದೆ ಅಂತ ಕೇಳು. ಸೊಸೈಟಿ ಕೆಲಸವಿತ್ತು ಎಂದರೆ ಅವರು ಅದನ್ನು ಕಾರಣವೆಂದು ಒಪ್ಪುವುದಿಲ್ಲ, ಒಪ್ಪಲೂ ಬಾರದು. ಮೇ ಪರೀಕ್ಷೆಯಲ್ಲಿ ಎಷ್ಟು ಬಂದರೆ ಸರಿಹೋಗುತ್ತದೆ ಅಂತ ಲೆಕ್ಕ ಹಾಕಿಕೊಂಡು ಬಾ. ನಿನ್ನ ಓದಿಗೆ ಮಾಡಿದ ಸಾಲದ ಮಾತು ನಾನು ಎತ್ತುವುದಿಲ್ಲ, ಅದು ನಮ್ಮ ಚಿಂತೆ.

ಇನ್ನೊಂದು. ಬಕ್ರೀದ್ ಈ ವರ್ಷ ಮೇ 27ರ ಸುಮಾರಿಗೆ ಬರುತ್ತದೆ, ನಿಮ್ಮ ಪರೀಕ್ಷೆಯ ನಡುವೆ. ಹಬ್ಬದ ದಿನ ಪರೀಕ್ಷೆ ಬೇಡ ಎನ್ನುವುದಾದರೆ ವೇಳಾಪಟ್ಟಿ ಬರುವ ಮೊದಲೇ ಯೂನಿವರ್ಸಿಟಿಗೆ ತಿಳಿಸಬೇಕು, ಕೊನೆಗೆ ಹೇಳಿದರೆ ನಡೆಯುವುದಿಲ್ಲ. ಇದನ್ನು ಎಷ್ಟು ಮಕ್ಕಳು ಮರೆತಿರುತ್ತಾರೋ! ಕಮಿಟಿಯಲ್ಲಿ ಇದನ್ನು ಎತ್ತು. ಒಂದು ಮೆಸೇಜು, ಹತ್ತು ನಿಮಿಷದ ಕೆಲಸ, ನೂರು ಮಕ್ಕಳಿಗೆ ಉಪಕಾರ. ಏಪ್ರಿಲ್‌ನಿಂದ ಮೀಟಿಂಗ್ ನಿಲ್ಲಿಸಿ, ಅಸರ್ ಆದ ಮೇಲೆ ಎರಡು ಗಂಟೆ ಎಲ್ಲರೂ ಒಟ್ಟಿಗೆ ಸುಮ್ನೆ ಕೂತು ಓದಿ. ಸೊಸೈಟಿಯ ಹೆಸರಿನಲ್ಲೇ ಮಾಡಿ. ಆ ಸೊಮಾಲಿ ಹುಡುಗಿಯನ್ನೂ ಕರೆ.

ಎದುರುಮನೆಯವರ ಮಗ 13ಕ್ಕೆ ಲಂಡನ್ನಿಗೆ ಹೊರಡುತ್ತಾನೆ. ಅವನ ಕೈಯಲ್ಲಿ ಎರಡು ಕಿಲೋ ಕುಚ್ಚಲಕ್ಕಿ, ಮೆಂತೆ, ಜೀರಿಗೆ ಕಳಿಸುತ್ತಿದ್ದೇನೆ. ನೋಂಬಿನ ಗಂಜಿಗೆ ಮೆಂತೆಯನ್ನು ಹಿಂದಿನ ರಾತ್ರಿಯೇ ನೆನೆಹಾಕು, ಕಾಯಿಹಾಲು ಕೊನೆಗೆ ಹಾಕು, ಹಾಕಿದ ಮೇಲೆ ಜಾಸ್ತಿ ಕುದಿಸಬೇಡ. ಮೊದಲ ಶುಕ್ರವಾರ ಆ ಸಿಲ್ಹೆಟ್ ಹುಡುಗಿಗೆ ಒಂದು ಬಟ್ಟಲು ಕೊಡು, ಉಮ್ಮ ಕಳಿಸಿದ ಅಕ್ಕಿ ಅಂತ ಹೇಳು.

ಬೆಳಿಗ್ಗೆ ಸುಬಹಿ ಆದ ಮೇಲೆ ನನಗೆ ಫೋನ್ ಮಾಡಬೇಡ, ಅದು ನಿನ್ನ ಓದುವ ಹೊತ್ತು. ನೋಂಬು ಬಿಟ್ಟು, ಮಗ್ರಿಬ್ ಮುಗಿಸಿ ಮಾಡು. ಇಲ್ಲಿ ಆಗ ರಾತ್ರಿ ಹನ್ನೊಂದೂವರೆ. ರಮಝಾನಿನ ರಾತ್ರಿಯ ತರಾವೀಹ್ ನಮಾಜ್ ಮುಗಿಸಿ ನಾನು ಎದ್ದೇ ಇರುತ್ತೇನೆ.

ನಿನ್ನ ಉಮ್ಮ