ಮಗಳಿಗೊಂದು ಪತ್ರ: ನಿಯತ್ತಿನ ಮೇಲೆ ಕೈಯಿಡುವ ಪದ

ಪ್ರೀತಿಯ ಮಗಳಿಗೆ, ದಾವಣಗೆರೆಯಿಂದ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ಹಾಸ್ಟೆಲಿನ ವಾರ್ಡನ್‌ಗೆ ಕೊಡಲೆಂದು ನೀನು ಬರೆದ ಇಂಗ್ಲಿಷ್ ಅರ್ಜಿಯನ್ನು ಎರಡು ಸಲ ಓದಿದೆ. ಮೆಸ್ಸಿನ ಲೆಕ್ಕ ಬರೆಯುವವರ ಪ್ರಾಮಾಣಿಕತೆಯನ್ನು ‘ಇಂಪ್ಯೂನ್’ (impugn), ಅಂದರೆ ಪ್ರಶ್ನೆ, ಮಾಡುತ್ತೇನೆ ಎಂದಿರುವ ಸಾಲಿನಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೂ ವಕೀಲರ ಗುಮಾಸ್ತನಾಗಿ ಆ ಪದವನ್ನು ಲೆಕ್ಕವಿಲ್ಲದಷ್ಟು ಸಲ ಟೈಪ್ ಮಾಡಿದ ನನಗೆ ಅಲ್ಲಿಂದ ಮುಂದೆ ಹೋಗಲಾಗಲಿಲ್ಲ.

ಅದರ ಬೇರು ಲ್ಯಾಟಿನ್ನಿನ ‘ಪುಗ್ನಾರೆ’, ಅಂದರೆ ಹೋರಾಡು. ಅದಕ್ಕೂ ಹಿಂದೆ ಇರುವುದು ಮುಷ್ಟಿ ಎಂಬ ಅರ್ಥದ ‘ಪುಗ್ನುಸ್’. ಬರೆಯುವಾಗ ಇರುವ ‘ಜಿ’ ಅಕ್ಷರ ಹೇಳುವಾಗ ಕೇಳಿಸುವುದಿಲ್ಲ. ಆದರೆ ‘ಸೈನ್’ನಲ್ಲಿ ಅಡಗಿದ್ದು ‘ಸಿಗ್ನೇಚರ್’ನಲ್ಲಿ ಹೊರಬರುವಂತೆ, ಅದೇ ಬೇರಿನ ‘ಪಗ್ನೇಷಸ್’, ಅಂದರೆ ಜಗಳಗಂಟ, ಎಂಬ ಪದದಲ್ಲಿ ಅದು ಬಾಯಿ ಬಿಡುತ್ತದೆ.

ಕೋರ್ಟಿನ ಕಾಗದಗಳಲ್ಲಿ ಈ ಮುಷ್ಟಿಗೆ ಬಿಸಿಯಿಲ್ಲ. ಮೇಲ್ಮನವಿಯಲ್ಲಿ ‘ಇಂಪ್ಯೂನ್ಡ್ ಆರ್ಡರ್’ ಎಂದರೆ ಪ್ರಶ್ನೆಗೆ ಒಳಗಾದ ಆದೇಶವೆಂದಷ್ಟೇ. ಅದನ್ನು ಬರೆದ ನ್ಯಾಯಾಧೀಶರ ಪ್ರಾಮಾಣಿಕತೆಯನ್ನು ಯಾರೂ ಶಂಕಿಸಿರುವುದಿಲ್ಲ. ಆದೇಶದ ಜಾಗದಲ್ಲಿ ಒಬ್ಬರ ಪ್ರಾಮಾಣಿಕತೆಯನ್ನೋ ಉದ್ದೇಶವನ್ನೋ ಇಟ್ಟ ಕೂಡಲೇ ಅದು ಮನುಷ್ಯನಿಗೆ ತಾಗುತ್ತದೆ. ಇಂಗ್ಲಿಷಿನಲ್ಲಿ ಬೇರೆ ಬೇರೆಯಾಗಿರುವ ಈ ಎರಡನ್ನೂ ನಮ್ಮ ಕಡೆಯ ‘ನಿಯತ್ತು’ ಒಂದೇ ಪದದಲ್ಲಿ ಹಿಡಿಯುತ್ತದೆ. ಹಾಗಾಗಿ ‘ನಿಯತ್ತನ್ನೇ ಪ್ರಶ್ನಿಸು’ ಎಂಬುದಕ್ಕಿಂತ ಹತ್ತಿರದ ಕನ್ನಡ ನನಗಂತೂ ಹೊಳೆಯುತ್ತಿಲ್ಲ. ‘ನಿಮ್ಮ ಉದ್ದೇಶವನ್ನು ಇಂಪ್ಯೂನ್ ಮಾಡುತ್ತಿಲ್ಲ, ಆದರೆ’ ಎಂದು ಮಾತು ಆರಂಭಿಸುವವರು ಅರ್ಧ ಕೆಲಸವನ್ನು ಆಗಲೇ ಮುಗಿಸಿರುತ್ತಾರೆ ಎಂಬುದು ಬೇರೆ ಮಾತು.

ಹೀಗೆ ಪ್ರಶ್ನಿಸಿದ ಮಾತ್ರಕ್ಕೆ ಎದುರಿನವರು ಸುಳ್ಳರೆಂದು ರುಜುವಾತಾಗುವುದಿಲ್ಲ. ಸಾಕ್ಷಿಯ ವಿಶ್ವಾಸಾರ್ಹತೆಯನ್ನು ಅಲುಗಿಸಲು 1872ರ ಸಾಕ್ಷ್ಯ ಅಧಿನಿಯಮದ 155ನೆಯ ಕಲಮು ದಾರಿಗಳನ್ನು ಹೇಳಿತ್ತು: ಆತ ಲಂಚ ಪಡೆದದ್ದನ್ನು ತೋರಿಸುವುದು ಒಂದು, ಹಿಂದೆ ಬೇರೆಯೇ ಹೇಳಿಕೆ ಕೊಟ್ಟದ್ದನ್ನು ತೋರಿಸುವುದು ಇನ್ನೊಂದು. ಅಲ್ಲಿ ಬಳಸಿದ ಕ್ರಿಯಾಪದ ‘ಇಂಪೀಚ್’. ಅದರ ಬೇರಿನಲ್ಲಿರುವುದು ಕಾಲಿಗೆ ಹಾಕುವ ಸಂಕೋಲೆ. 2024ರ ಜುಲೈ 1ರಿಂದ ಹೊಸ ಅಧಿನಿಯಮ ಬಂದಿದ್ದರೂ ಈ ನಿಯಮ ಹೋಗಿಲ್ಲ.

ನಿನ್ನ ಅಜ್ಜ ಒಮ್ಮೆ ಮೆಕ್ಕೆಜೋಳದ ಚೀಲಗಳನ್ನು ಇಲ್ಲಿಯ ಮಂಡಿಗೆ ತಂದಿದ್ದಾಗ, ಮನೆಯಲ್ಲಿ ತೂಗಿದ್ದಕ್ಕಿಂತ ನಾಲ್ಕು ಕಿಲೋ ಕಡಿಮೆ ಬಂತು. ನಾನು ಆಗ ಹೈಸ್ಕೂಲು ಹುಡುಗ. ‘ಮೋಸ’ ಎಂದು ಕೂಗಿಬಿಟ್ಟೆ. ತೂಗುವಾತ ಕೊಕ್ಕೆಯನ್ನು ಕೆಳಗೆ ಹಾಕಿ, ‘ನನ್ನ ನಿಯತ್ತಿನ ಮಾತಾಡ್ತೀಯೇನಲೇ?’ ಎಂದು ಮೇಲೇರಿ ಬಂದ. ಅಜ್ಜ ನನ್ನನ್ನು ಹಿಂದಕ್ಕೆಳೆದು, ‘ಅಣ್ಣಾ, ಇನ್ನೊಂದ್ ಸಲ ತೂಗಿ ನೋಡು’ ಎಂದಷ್ಟೇ ಹೇಳಿದರು. ಮರುತೂಕದಲ್ಲಿ ಮೂರು ಕಿಲೋ ಹೆಚ್ಚಾಯಿತು. ಆತ ಬೇಕೆಂದೇ ಮಾಡಿದನೋ ಕಣ್ತಪ್ಪಾಯಿತೋ, ನನಗೆ ಇವತ್ತಿಗೂ ತಿಳಿಯದು.

ನಿನ್ನ ಕೈಯಲ್ಲಿರುವುದೂ ಅಷ್ಟೇ. ನೀನು ಊರಿಗೆ ಬಂದಿದ್ದ ಆರು ದಿನಗಳಿಗೂ ಊಟದ ಹಣ ಹಿಡಿದಿದ್ದಾರೆ; ಯಾಕೆ ಹಿಡಿದರೆಂಬುದು ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆ ಸಾಲನ್ನು ಹೊಡೆದುಹಾಕಿ ಆರೂ ತಾರೀಖುಗಳನ್ನು ಬರೆ. ಹೋದದ್ದಕ್ಕೂ ಬಂದದ್ದಕ್ಕೂ ರೈಲಿನ ಟಿಕೆಟ್ಟುಗಳಿದ್ದರೆ ನಕಲು ಲಗತ್ತಿಸು, ಮೂಲ ಪ್ರತಿಗಳನ್ನು ನಿನ್ನ ಹತ್ತಿರವೇ ಇಟ್ಟುಕೋ.

ಇಂತಿ,
ನಿನ್ನ ಅಪ್ಪ